ಅದು ರ‍್ಯಾಪ್ ಹಾಡೇ ಅಲ್ಲ

1992ರ ಜೂನ್, ಜುಲೈನಲ್ಲಿ ಅಮೆರಿಕದಲ್ಲಿ ಒಂದು ಹಾಡಿನ ಮೇಲೆ ದೊಡ್ಡ ರಾದ್ಧಾಂತ ನಡೆಯಿತು. ಹಾಡಿನ ಹೆಸರು ‘ಕಾಪ್ ಕಿಲ್ಲರ್’, ಅಂದ್ರೆ ಪೊಲೀಸರನ್ನು ಕೊಲ್ಲುವವನು. ಹಾಡಿದವನು ಐಸ್-ಟಿ ಎಂಬ ಕಪ್ಪು ರ‍್ಯಾಪರ್, ತನ್ನ ಬ್ಯಾಂಡಿನ ಜೊತೆ. ಪೊಲೀಸ್ ಸಂಘಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು. ಅಧ್ಯಕ್ಷ ಜಾರ್ಜ್ ಬುಷ್, ಅಂದ್ರೆ ಅಪ್ಪ ಬುಷ್, ಖಂಡಿಸಿದರು. ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಕೂಡ ದನಿಗೂಡಿಸಿದರು. ಆ ದಿನಗಳ ಸುದ್ದಿ, ಭಾಷಣ ಯಾವುದನ್ನೇ ತೆಗೆದು ನೋಡಿ, ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ‘ರ‍್ಯಾಪ್ ಹಾಡು’ ಎಂಬ ಹೆಸರು.

ಹಾಡನ್ನು ಹಾಕಿ ಅರ್ಧ ನಿಮಿಷ ಕೇಳಿ ನೋಡಿ. ಎದ್ದುಬಿದ್ದು ಓಡುವ ಡ್ರಮ್ಸ್, ಕೊರೆಯುವ ಗಿಟಾರ್, ಗುಂಪಾಗಿ ಕೂಗುವ ಪಲ್ಲವಿ. ಹಾರ್ಡ್‌ಕೋರ್ ಪಂಕ್ ಅನ್ನಿ, ಥ್ರ್ಯಾಶ್ ಮೆಟಲ್ ಅನ್ನಿ, ಎರಡರ ನಡುವಿನದು ಅನ್ನಿ, ಎಲ್ಲವೂ ರಾಕ್ ಸಂಗೀತದ ವೇಗದ, ಒರಟು ಬಗೆಗಳೇ. ರ‍್ಯಾಪ್ ಮಾತ್ರ ಅಲ್ಲ. ಬೇರೆ ಹಾಡಿನಿಂದ ಸ್ಯಾಂಪಲ್ ಮಾಡಿದ ಬೀಟ್ ಇಲ್ಲ, ರೆಕಾರ್ಡನ್ನು ಹಿಂದೆ ಮುಂದೆ ಉಜ್ಜುವ ಸ್ಕ್ರ್ಯಾಚಿಂಗ್ ಇಲ್ಲ, ಪ್ರಾಸದ ಚಮತ್ಕಾರವೂ ಅಷ್ಟಕ್ಕಷ್ಟೇ. ಗಂಟಲು ಹರಿದುಕೊಂಡು ಕೂಗುತ್ತಾನೆ, ಅಷ್ಟೇ.

ಸಂಗೀತ ಗೊತ್ತಿಲ್ಲದವರು ಬಾಯ್ತಪ್ಪಿ ಹಾಗೆ ಕರೆದಿರಬಹುದು ಅಂತ ನಾನೂ ತುಂಬ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ‘ರಾಕ್ ಹಾಡು’ ಅಂತ ಕರೆದಿದ್ದರೆ ಮಧ್ಯಮವರ್ಗದ ಬಿಳಿಯ ಅಪ್ಪ ಅಮ್ಮಂದಿರಿಗೆ ತಮ್ಮದೇ ಕಾಲೇಜು ದಿನಗಳು ನೆನಪಾಗುತ್ತಿದ್ದವು, ತಮ್ಮದೇ ಹಳೆಯ ರೆಕಾರ್ಡುಗಳು ನೆನಪಾಗುತ್ತಿದ್ದವು. ‘ರ‍್ಯಾಪ್’ ಅಂದ ಕೂಡಲೇ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಹೆದರಿಸುವ ಕೆಲಸ ಅರ್ಧ ಆ ಹೆಸರಿನಲ್ಲೇ ಮುಗಿದುಹೋಗುತ್ತಿತ್ತು. ಇದನ್ನು ಐಸ್-ಟಿ ಕೂಡ ಆಗಲೇ ಹೇಳಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇದು ಬರೀ ಅಭಿಮಾನಿಗಳ ಅನುಮಾನ ಅಲ್ಲ. ಕ್ಯಾರಿ ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞೆ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಿಂಗ್‌ಸ್ಟನ್ ಟ್ರಿಯೋ ಎಂಬ ಬಿಳಿಯರ ಜನಪದ ತಂಡ 1960ರಲ್ಲಿ ಹಾಡಿದ ಒಂದು ಹಳೆಯ ಹಾಡಿನ ಸಾಲುಗಳನ್ನು ಅವರು ಆರಿಸಿಕೊಂಡಿದ್ದರು. ಅದರಲ್ಲೂ ಒಬ್ಬ ಪೊಲೀಸನನ್ನು ಗುಂಡಿಟ್ಟು ಕೊಲ್ಲುವ ಕತೆಯೇ ಇದೆ. ಅದೇ ಸಾಲುಗಳನ್ನು ಕೆಲವರಿಗೆ ಕಂಟ್ರಿ (ಬಿಳಿಯರ ಹಳ್ಳಿಗಾಡಿನ ಸಂಗೀತ) ಹಾಡು ಅಂತ ಹೇಳಿ ಕೊಟ್ಟರು, ಇನ್ನು ಕೆಲವರಿಗೆ ರ‍್ಯಾಪ್ ಅಂತ. ರ‍್ಯಾಪ್ ಅಂತ ನಂಬಿದವರಿಗೆ ಅದು ಜಾಸ್ತಿ ಅಪಾಯಕಾರಿಯಾಗಿ, ಜಾಸ್ತಿ ಅಸಹ್ಯವಾಗಿ ಕಂಡಿತು. ಹಾಡಿದವನು ಕಪ್ಪು ಮನುಷ್ಯ ಅಂತ ಫೋಟೋ ತೋರಿಸಿದಾಗಲೂ ಅಷ್ಟೇ. ಒಂದಕ್ಷರವೂ ಬದಲಾಗಿರಲಿಲ್ಲ.

ಹಾಗಾದರೆ ರ‍್ಯಾಪರ್ ಒಬ್ಬನಿಗೆ ಈ ಮೆಟಲ್ ಉಸಾಬರಿ ಯಾಕೆ ಬೇಕಿತ್ತು?

ಐಸ್-ಟಿಯ ನಿಜವಾದ ಹೆಸರು ಟ್ರೇಸಿ ಮ್ಯಾರೋ. ಹುಟ್ಟಿದ್ದು 1958ರಲ್ಲಿ, ನ್ಯೂಜೆರ್ಸಿಯಲ್ಲಿ. ಚಿಕ್ಕವನಿದ್ದಾಗಲೇ ಅಮ್ಮ ಹೃದಯಾಘಾತದಿಂದ ತೀರಿಕೊಂಡರು, ಕೆಲವು ವರ್ಷ ಬಿಟ್ಟು ಅಪ್ಪನೂ ಹೋದರು. ಹುಡುಗನನ್ನು ಲಾಸ್ ಏಂಜಲೀಸಿನ ಅತ್ತೆಯ ಮನೆಗೆ ಕಳಿಸಿದರು. ಅಲ್ಲಿ ಅವನಿಗೆ ಬೇರೆ ಕೋಣೆ ಇರಲಿಲ್ಲ, ಅರ್ಲ್ ಎಂಬ ಕಸಿನ್ ಜೊತೆ ಒಂದೇ ಕೋಣೆ. ಅರ್ಲ್‌ಗೆ ರಾಕ್ ಹುಚ್ಚು. ರೇಡಿಯೋದಲ್ಲಿ ಹಗಲೂ ರಾತ್ರಿ ಅದೇ: ಬ್ಲ್ಯಾಕ್ ಸಬ್ಬತ್, ಡೀಪ್ ಪರ್ಪಲ್, ಲೆಡ್ ಝೆಪ್ಲಿನ್. ಕೋಣೆ ಅರ್ಲ್‌ದು, ರೇಡಿಯೋ ಅರ್ಲ್‌ದು. ತಂದೆ ತಾಯಿ ಇಲ್ಲದ, ಊರು ಬಿಟ್ಟು ಬಂದ ಹುಡುಗ ಸ್ಟೇಷನ್ ಬದಲಾಯಿಸು ಅಂತ ಕೇಳುವ ಹಾಗಿರಲಿಲ್ಲ. ಕೇಳ್ತಾ ಕೇಳ್ತಾ ಅವನಿಗೂ ಹಿಡಿಸಿತು.

ಅಂದರೆ ರ‍್ಯಾಪ್ ಯಾವುದರ ಭಾಗವೋ ಆ ಹಿಪ್‌ಹಾಪ್ ಎಂಬುದು ಲಾಸ್ ಏಂಜಲೀಸಿಗೆ ಬರುವ ಮೊದಲೇ ಈ ಹುಡುಗನ ತಲೆಯಲ್ಲಿ ಮೆಟಲ್ ಕೂತಾಗಿತ್ತು. ಮುಂದೆ ಕ್ರೆನ್ಷಾ ಹೈಸ್ಕೂಲಿನಲ್ಲಿ ಅರ್ನಿ ಕನ್ನಿಗನ್ ಪರಿಚಯವಾದ. ಕಪ್ಪು ಹುಡುಗರೇ ತುಂಬಿದ್ದ ಶಾಲೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಅಲೆಯುತ್ತಿದ್ದ ಅಪರೂಪದ ಪ್ರಾಣಿ. ಅವನೇ ಮುಂದೆ ಅರ್ನಿ ಸಿ. ಡ್ರಮ್ಸ್‌ಗೆ ಬೀಟ್‌ಮಾಸ್ಟರ್ ವಿ, ಬೇಸ್‌ಗೆ ಮೂಸ್‌ಮ್ಯಾನ್, ಎರಡನೇ ಗಿಟಾರ್‌ಗೆ ಡಿ-ರಾಕ್. ಎಲ್ಲರೂ ಲಾಸ್ ಏಂಜಲೀಸಿನ ಸೌತ್ ಸೆಂಟ್ರಲ್ ಎಂಬ ಭಾಗದ ಸುತ್ತಮುತ್ತಲ ಗೆಳೆಯರು. ದುಡ್ಡಿದ್ದ ರ‍್ಯಾಪರ್ ಒಬ್ಬ ಬಾಡಿಗೆಗೆ ಗಿಟಾರಿನವರನ್ನು ಕರೆಸಿಕೊಂಡು ಮಾಡಿದ ಸಾಹಸ ಇದಲ್ಲ. ಹಳೆಯ ಗೆಳೆಯರಿಗೆ ಒಂದು ಬ್ಯಾಂಡ್ ಬೇಕಿತ್ತು, ಅವರಲ್ಲಿ ಒಬ್ಬ ಅಷ್ಟರಲ್ಲಿ ರ‍್ಯಾಪ್‌ನಲ್ಲಿ ಹೆಸರು ಮಾಡಿದ್ದ. ಬ್ಯಾಂಡಿಗೆ ಬಾಡಿ ಕೌಂಟ್ ಅಂತ ಹೆಸರಿಟ್ಟರು.

ಬ್ಲ್ಯಾಕ್ ಸಬ್ಬತ್‌ನಿಂದ ಸಾವಿನ ಸಪ್ಪಳ, ಸ್ಲೇಯರ್ ಎಂಬ ಥ್ರ್ಯಾಶ್ ಬ್ಯಾಂಡಿನಿಂದ ವೇಗ, ಸುಯಿಸೈಡಲ್ ಟೆಂಡೆನ್ಸೀಸ್ ಬ್ಯಾಂಡಿನಿಂದ ಬೀದಿಯ ಪಂಕ್. ತನ್ನ ಬ್ಯಾಂಡಿನ ಬೇರು ಈ ಮೂರು ಅಂತ ಐಸ್-ಟಿ ಹೇಳಿಕೊಂಡಿದ್ದಾನೆ. ಮೊದಲ ಆಲ್ಬಮ್ ಕೇಳಿದರೆ ಮೂರೂ ಬೇರೆ ಬೇರೆಯಾಗಿಯೇ ಕಾಣುತ್ತವೆ, ಇನ್ನೂ ಸರಿಯಾಗಿ ಬೆರೆತಿಲ್ಲ.

1991ರ ಬೇಸಿಗೆಯಲ್ಲಿ ಪೆರಿ ಫ್ಯಾರೆಲ್ ಶುರು ಮಾಡಿದ ಲೊಲ್ಲಾಪಲೂಜಾ ಎಂಬ ಸಂಚಾರಿ ಸಂಗೀತೋತ್ಸವ ಊರೂರು ಸುತ್ತಿತು. ಐಸ್-ಟಿ ತನಗೆ ಸಿಕ್ಕ ಸಮಯವನ್ನು ಎರಡು ಪಾಲು ಮಾಡಿದ. ಅರ್ಧ ರ‍್ಯಾಪ್, ಇನ್ನರ್ಧ ಬಾಡಿ ಕೌಂಟ್. ಎದುರಿಗೆ ಸಾವಿರಾರು ಬಿಳಿಯ ಹುಡುಗರು. ಆ ವೇದಿಕೆಗಳ ಮೇಲೆ ‘ಕಾಪ್ ಕಿಲ್ಲರ್’ ಕೂಡ ಹಾಡಿದರು. ಕುಣಿದವರು ಕುಣಿದು ಮನೆಗೆ ಹೋದರು. ರಾಷ್ಟ್ರಮಟ್ಟದ ಗಲಾಟೆ ಏನೂ ಆಗಲಿಲ್ಲ. ಅದೇ ವರ್ಷ ಅವನು ಒಂದು ಸಿನಿಮಾದಲ್ಲಿ ಪೊಲೀಸ್ ಪತ್ತೇದಾರನ ಪಾತ್ರವನ್ನೂ ಮಾಡಿದ್ದ ಅನ್ನುವುದು ಬೇರೆ ತಮಾಷೆ.

ಆಲ್ಬಮ್ ಬಂದಿದ್ದು 1992ರ ಮಾರ್ಚ್‌ನಲ್ಲಿ, ಟೈಮ್ ವಾರ್ನರ್ ಒಡೆತನದ ವಾರ್ನರ್ ಬ್ರದರ್ಸ್ ಮೂಲಕ. ಆಗಲೂ ಅಂಥ ಸದ್ದಾಗಲಿಲ್ಲ. ಏಪ್ರಿಲ್ 29ಕ್ಕೆ ಎಲ್ಲ ಬದಲಾಯಿತು. ಹಿಂದಿನ ವರ್ಷದ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ನೆಲಕ್ಕೆ ಕೆಡವಿ ಲಾಠಿಯಲ್ಲಿ ಬಡಿದಿದ್ದನ್ನು ಒಬ್ಬರು ತಮ್ಮ ಬಾಲ್ಕನಿಯಿಂದ ವಿಡಿಯೋ ಮಾಡಿದ್ದರು. ಇಡೀ ಜಗತ್ತು ಅದನ್ನು ನೋಡಿತ್ತು. ಆದರೂ ವಿಚಾರಣೆ ಎದುರಿಸಿದ ನಾಲ್ವರು ಪೊಲೀಸರಲ್ಲಿ ಯಾರಿಗೂ ಅವತ್ತು ಶಿಕ್ಷೆ ಆಗಲಿಲ್ಲ. ಊರು ಹೊತ್ತಿ ಉರಿಯಿತು. ಸತ್ತವರು 60ಕ್ಕೂ ಹೆಚ್ಚು.

ಹಾಡಿನಲ್ಲಿ ರಾಡ್ನಿ ಕಿಂಗ್ ಹೆಸರಿತ್ತು. ಆಗಿನ ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ಹೆಸರೂ ಇತ್ತು. ಮೇಲಾಗಿ ಅದು ಚುನಾವಣೆಯ ವರ್ಷ. ಜೂನ್‌ನಲ್ಲಿ ಟೆಕ್ಸಾಸ್‌ನ ಪೊಲೀಸ್ ಸಂಘಟನೆಯೊಂದು ಟೈಮ್ ವಾರ್ನರ್‌ನ ಸಕಲ ಉತ್ಪನ್ನಗಳನ್ನೂ ಬಹಿಷ್ಕರಿಸಿ ಅಂತ ಕರೆ ಕೊಟ್ಟಿತು. ಅಲ್ಲಿಂದ ಬೆಂಕಿ ಹಬ್ಬಿತು. ಅಂಗಡಿಗಳು ಆಲ್ಬಮ್ಮನ್ನು ಕಪಾಟಿನಿಂದ ಇಳಿಸಿದವು. ಅಮೆರಿಕ ಕಾಂಗ್ರೆಸ್ಸಿನ ಹತ್ತಾರು ಸದಸ್ಯರು ಸಹಿ ಹಾಕಿ ಪತ್ರ ಬರೆದರು. ಕಪ್ಪು ಪೊಲೀಸರ ರಾಷ್ಟ್ರೀಯ ಸಂಘ ಮಾತ್ರ ಬಹಿಷ್ಕಾರ ಬೇಡ ಅಂದಿತು. ಸಿಟ್ಟು ಎಲ್ಲಿಂದ ಬಂತು ಅನ್ನುವುದು ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಈ ಇಡೀ ಪ್ರಕರಣದಲ್ಲಿ ನನಗೆ ಮರೆಯಲಾಗದ್ದು ಜುಲೈನಲ್ಲಿ ಬೆವರ್ಲಿ ಹಿಲ್ಸ್‌ನ ಹೋಟೆಲೊಂದರಲ್ಲಿ ನಡೆದ ಟೈಮ್ ವಾರ್ನರ್ ಷೇರುದಾರರ ಸಭೆ. ನಟ ಚಾರ್ಲ್‌ಟನ್ ಹೆಸ್ಟನ್ ಬಳಿ ಕಂಪನಿಯ ಷೇರು ಇದ್ದವು, ಹಾಗಾಗಿ ಮಾತಾಡುವ ಹಕ್ಕೂ ಇತ್ತು. ಎದ್ದು ನಿಂತು ಬಾಡಿ ಕೌಂಟ್ ಆಲ್ಬಮ್ಮಿನ ಸಾಹಿತ್ಯವನ್ನು ಓದಿದ. ಬೈಗುಳ ಗಿಯಿಗುಳ ಯಾವುದನ್ನೂ ಬಿಡದೆ ಓದಿದ. ತೆರೆಯ ಮೇಲೆ ಮೋಸೆಸ್ ಆಗಿ ದೇವರ ಹತ್ತು ಕಟ್ಟಳೆಗಳನ್ನು ಹೊತ್ತು ತಂದ ಅದೇ ಗಂಭೀರ ದನಿ. ಸೂಟು ಬೂಟು ಹಾಕಿಕೊಂಡು ಲಾಭಾಂಶದ ಲೆಕ್ಕ ಕೇಳಲು ಬಂದಿದ್ದ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಹಾಡನ್ನು ಇಷ್ಟು ಶ್ರದ್ಧೆಯಿಂದ ಬೇರೆ ಯಾರೂ ಓದಿರಲಿಕ್ಕಿಲ್ಲ. ಆದರೆ ನೋಡಿ, ಗಿಟಾರ್, ಡ್ರಮ್ಸ್, ಕೂಗು ಎಲ್ಲ ತೆಗೆದು ಬರೀ ಮಾತನ್ನು ಕಾಗದದಿಂದ ಓದಿದರೆ ಉಳಿಯುವುದು ಬೆದರಿಕೆ ಪತ್ರ ಮಾತ್ರ. ಯಾವ ಮೆಟಲ್ ಹಾಡೂ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಹೆಣ, ರಕ್ತ, ನರಕ ಇಲ್ಲದ ಮೆಟಲ್ ಆಲ್ಬಮ್ ಹುಡುಕುವುದೇ ಕಷ್ಟ ಅಲ್ವಾ?

ಐಸ್-ಟಿ ತನ್ನ ಪರವಾಗಿ ಹೇಳಿದ್ದು ಇಷ್ಟು: ಹಾಡಿನಲ್ಲಿ ‘ನಾನು’ ಅನ್ನುವವನು ನಾನಲ್ಲ, ಪೊಲೀಸರ ದೌರ್ಜನ್ಯದಿಂದ ರೋಸಿಹೋದ ಒಂದು ಪಾತ್ರ. ನಾನು ಕೊಲೆಗಾರ ಅಂತ ನೀವು ನಂಬುವುದಾದರೆ, ಗಗನಯಾತ್ರಿಯ ಪಾತ್ರದಲ್ಲಿ ಹಾಡಿದ ರಾಕ್ ಗಾಯಕ ಡೇವಿಡ್ ಬೋವಿಯನ್ನು ಗಗನಯಾತ್ರಿ ಅಂತಲೂ ನಂಬಬೇಕಾಗುತ್ತದೆ. ಚುರುಕಾದ ಮಾತು. ಜೊತೆಗೆ ಇನ್ನೊಂದು ಉದಾಹರಣೆಯೂ ಆಗ ಓಡಾಡುತ್ತಿತ್ತು. ಶೆರಿಫ್‌ನನ್ನು ಗುಂಡಿಟ್ಟು ಕೊಂದೆ ಅಂತ ಹೇಳುವ ಬಾಬ್ ಮಾರ್ಲಿಯ ಹಾಡನ್ನು ಬಿಳಿಯ ರಾಕ್ ಗಿಟಾರಿಗ ಎರಿಕ್ ಕ್ಲಾಪ್ಟನ್ 1974ರಲ್ಲಿ ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿಸಿದ್ದ. ಆಗ ಯಾವ ಅಧ್ಯಕ್ಷರೂ ಹೇಳಿಕೆ ಕೊಟ್ಟಿರಲಿಲ್ಲ.

ಪಾತ್ರದ ವಾದ ನಮಗೆ ಹೊಸದಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸುತ್ತಾ ರಂಗಸ್ಥಳಕ್ಕೆ ಬಂದರೆ ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯುತ್ತವೆ, ಆದರೆ ಬೆಳಗಾದ ಮೇಲೆ ಆ ಕಲಾವಿದನ ಮೇಲೆ ಯಾರೂ ಕೇಸು ಹಾಕುವುದಿಲ್ಲ. ಆದರೂ ಈ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಣ್ಣದ ವೇಷ ಎದುರಿಗೆ ಕೂತ ಪ್ರೇಕ್ಷಕರ ಊರಿನ ಠಾಣೆಯ ಅಧಿಕಾರಿಯ ಹೆಸರು ಹಿಡಿದು ಬೈಯುವುದಿಲ್ಲ. ಈ ಹಾಡು ಬದುಕಿರುವ ಮನುಷ್ಯನ ಹೆಸರು ಹೇಳುತ್ತದೆ. ಹಾಡುವವನ ಸಿಟ್ಟೂ ನಾಟಕದ್ದಲ್ಲ. ಎಷ್ಟೋ ಸಲ ಹಾಗನ್ನಿಸಿದೆ, ಮಾಡಿಲ್ಲ ಅಷ್ಟೇ ಅಂತ ಅವನೇ ಹೇಳಿದ್ದಾನೆ. ನನ್ನ ಸಂಬಂಧಿಯೊಬ್ಬರು ಪೊಲೀಸ್ ಇಲಾಖೆಯಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಅವರು ಬರುವವರೆಗೆ ಮನೆಯವರು ಹೇಗೆ ಕಾಯುತ್ತಿದ್ದರು ಅಂತ ನೋಡಿದ್ದೇನೆ. ಅಂಥ ಮನೆಯಲ್ಲಿ ಈ ಹಾಡು ಕೇಳಿಸಿದರೆ ಕರುಳು ಚುರ್ ಅನ್ನದೆ ಇರುತ್ತದೆಯೇ? ಹಾಡು ತಣ್ಣಗೆ ಕೇಳಿಸಿಕೊಳ್ಳುವಂಥದ್ದಲ್ಲ. ಅದನ್ನು ಮಾಡಿದ್ದೇ ಹಾಗೆ. ಹಾಡು ಮೈ ಉರಿಸಿತು ಅನ್ನುವ ದೂರು ನನಗೆ ಅರ್ಥವಾಗುತ್ತದೆ. ಹಾಡಿದವನ ಬಣ್ಣ ನೋಡಿ ಅದಕ್ಕೆ ಬೇರೆ ಹೆಸರಿಟ್ಟಿದ್ದು ಮಾತ್ರ ನುಂಗಲಾಗುವುದಿಲ್ಲ.

ಜುಲೈ 28ರಂದು ಐಸ್-ಟಿ ತಾನೇ ಪತ್ರಿಕಾಗೋಷ್ಠಿ ಕರೆದು ಹಾಡನ್ನು ಆಲ್ಬಮ್ಮಿನಿಂದ ತೆಗೆಯುವುದಾಗಿ ಹೇಳಿದ. ವಾರ್ನರ್ ಸಿಬ್ಬಂದಿಗೆ ಬೆದರಿಕೆಗಳು ಬರುತ್ತಿದ್ದವು. ತನ್ನ ಜಗಳಕ್ಕೆ ಅವರು ಯಾಕೆ ಸಾಯಬೇಕು ಅನ್ನುವುದು ಅವನ ನಿಲುವು. ಸೋತ ಅಂತ ಕೆಲವರು ಅಂದರು, ಹೆದರಿದ ಅಂತ ರ‍್ಯಾಪ್ ಲೋಕದಲ್ಲೇ ಕೆಲವರು ಅಂದರು. ಅಷ್ಟರಲ್ಲಿ ಗಲಾಟೆಯ ದೆಸೆಯಿಂದ ಆಲ್ಬಮ್ 5 ಲಕ್ಷ ಪ್ರತಿ ಮುಟ್ಟಿ ಗೋಲ್ಡ್ ಆಗಿತ್ತು. ಮರುವರ್ಷದ ಶುರುವಿನಲ್ಲಿ ಅವನೂ ವಾರ್ನರ್ ಸಂಸ್ಥೆಯೂ ಬೇರೆಯಾದರು.

ಹಾಡು ತೆಗೆದ ಜಾಗಕ್ಕೆ ‘ಫ್ರೀಡಮ್ ಆಫ್ ಸ್ಪೀಚ್’ ಎಂಬ ಹಾಡನ್ನು ತುಂಬಿದರು. ವಾಕ್ ಸ್ವಾತಂತ್ರ್ಯ! ನನಗೆ ಈ ಆಲ್ಬಮ್ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಬೆಂಗಳೂರಿನಲ್ಲಿ ಗೆಳೆಯನೊಬ್ಬ ರೈಟ್ ಮಾಡಿಕೊಟ್ಟ ಎಂಪಿ3 ಸಿಡಿಯಲ್ಲಿ. ಗಲಾಟೆಯ ಕತೆ ಕೇಳಿ ಕುತೂಹಲದಿಂದ ತರಿಸಿಕೊಂಡಿದ್ದೆ. ಫೋಲ್ಡರ್ ತೆರೆದು ಕೊನೆಯವರೆಗೆ ನೋಡಿದರೆ ಆ ಹಾಡೇ ಇಲ್ಲ. ಅವನಿಗೆ ಫೋನ್ ಮಾಡಿ ಬೈದೆ. “ಮಗಾ, ಅದನ್ನ ಕಂಪನಿಯವರೇ ಎತ್ತಿಬಿಟ್ಟಿದ್ದಾರೆ” ಅಂತ ನಕ್ಕ.

ಆ ಹಾಡಿಲ್ಲದೆ ಆಲ್ಬಮ್ ಕೇಳಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಉಳಿದಿದ್ದರ ಕಡೆ ಗಮನ ಹೋಯಿತು. ನಿಜ ಹೇಳಬೇಕೆಂದರೆ ಆಲ್ಬಮ್ ಒರಟು. ರಿಫ್‌ಗಳು, ಅಂದ್ರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು, ಸರಳ, ಕೆಲವು ಕಡೆ ಎಳಸು. ನಡುನಡುವೆ ಸುಮ್ನೆ ಮಾತಿನ ತುಣುಕುಗಳು. ಹೆಣ್ಣಿನ ಬಗ್ಗೆ ಇರುವ ಕೆಲವು ಸಾಲುಗಳು ಈಗ ಕೇಳಿದರೆ ಮುಜುಗರ. ಅರ್ನಿ ಸಿ ಸೋಲೋಗಳಲ್ಲಿ ಅಚ್ಚುಕಟ್ಟುತನಕ್ಕಿಂತ ಉಮೇದು ಜಾಸ್ತಿ. ಮೆಟಾಲಿಕಾ, ಮೆಗಾಡೆತ್ ಕೇಳಿ ಕಿವಿ ಪಳಗಿಸಿಕೊಂಡವರು ಮೂಗು ಮುರಿದಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದರಲ್ಲಿ ‘ದೇರ್ ಗೋಸ್ ದ ನೇಬರ್‌ಹುಡ್’ (ನಮ್ಮ ಕೇರಿ ಕೆಟ್ಟಿತು ಅನ್ನೋ ಅರ್ಥ) ಅಂತ ಒಂದು ಹಾಡಿದೆ. ಇಡೀ ವಿವಾದಕ್ಕೆ ಉತ್ತರವನ್ನು ವಿವಾದಕ್ಕೂ ಮೊದಲೇ ಕೊಟ್ಟಂತಿದೆ. ಹಾಡುವ ಪಾತ್ರ ಒಬ್ಬ ಬಿಳಿಯ ರಾಕರ್. ಈ ಕಪ್ಪು ಹುಡುಗರು ಗಿಟಾರ್ ಹಿಡಿದು ನಮ್ಮ ಕೇರಿಗೆ ನುಗ್ಗುತ್ತಿದ್ದಾರಲ್ಲ ಅಂತ ಅವನ ಗೋಳು. ವ್ಯಂಗ್ಯ ಅಂದ್ರೆ ಇದು. ವಿಡಿಯೋ ಕೊನೆಯಲ್ಲಿ ಕಪ್ಪು ಸಂಗೀತಗಾರನೊಬ್ಬ ಎಲೆಕ್ಟ್ರಿಕ್ ಗಿಟಾರನ್ನು ನೆಲಕ್ಕೆ ನೆಡುತ್ತಾನೆ, ಅದಕ್ಕೆ ಬೆಂಕಿ ಹಚ್ಚುತ್ತಾನೆ. ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯ ಜನಾಂಗದ್ವೇಷಿ ಗುಂಪಿನವರು ಕಪ್ಪು ಜನರನ್ನು ಹೆದರಿಸಲು ಮನೆಗಳ ಮುಂದೆ ಶಿಲುಬೆ ಸುಡುತ್ತಿದ್ದರಲ್ಲ, ಥೇಟ್ ಅದೇ ಆಕಾರ. ಈ ಸಲ ಕಡ್ಡಿ ಗೀರಿದ ಕೈ ಬೇರೆ.

ಇದರ ಚುಚ್ಚು ಇರುವುದು ಎಲ್ಲಿ ಅಂದ್ರೆ, ಆ ಕೇರಿಯೇ ಅವರ ಅಜ್ಜಂದಿರು ಕಟ್ಟಿದ್ದು. ಚಕ್ ಬೆರ್ರಿ, ಲಿಟಲ್ ರಿಚರ್ಡ್, ಬೋ ಡಿಡ್ಲಿ, ಅವರಿಗಿಂತ ಮೊದಲೇ ಚರ್ಚಿನ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸಿದ ಸಿಸ್ಟರ್ ರೊಸೆಟಾ ಥಾರ್ಪ್. ಜಿಮಿ ಹೆಂಡ್ರಿಕ್ಸ್ ಅಂತೂ ಸರಿಯೇ. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆ ಹುಡುಗರಾದ ಬ್ಲ್ಯಾಕ್ ಸಬ್ಬತ್ ಶುರುಮಾಡಿದ್ದು ಕೂಡ ಕಪ್ಪು ಜನರ ಬ್ಲೂಸ್ ನುಡಿಸುತ್ತಲೇ. 1980ರ ದಶಕದ ಹೊತ್ತಿಗೆ ರಾಕ್ ಎಷ್ಟು ಬಿಳಿಯಾಗಿತ್ತು ಅಂದ್ರೆ, ಲಿವಿಂಗ್ ಕಲರ್ ಬ್ಯಾಂಡಿನ ವರ್ನನ್ ರೀಡ್ ಮತ್ತು ಗೆಳೆಯರು 1985ರಲ್ಲಿ ನ್ಯೂಯಾರ್ಕಿನಲ್ಲಿ ‘ಬ್ಲ್ಯಾಕ್ ರಾಕ್ ಕೋಅಲಿಷನ್’ ಅಂತ ಒಂದು ಸಂಘಟನೆಯನ್ನೇ ಕಟ್ಟಬೇಕಾಯಿತು. ತಮ್ಮದೇ ಮನೆಗೆ ಬರಲು ಅರ್ಜಿ ಹಾಕಿಕೊಂಡ ಹಾಗೆ.

ನಾವು 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನೋಡಿದವರು. 2011ರಲ್ಲಿ ಅಲ್ಲೇ ಮೆಟಾಲಿಕಾ. ಇದು ನಿಮ್ಮ ಸಂಗೀತವೇನ್ರೋ ಅಂತ ನಮ್ಮನ್ನು ಕೇಳಿದ್ದು ಮನೆಯ ಹಿರಿಯರು ಮಾತ್ರ, ಅದೂ ನಗುತ್ತಾ. ವೇದಿಕೆಯ ಕಡೆಯಿಂದ ಯಾರೂ ಕೇಳಲಿಲ್ಲ. ಆ ಸಂಗೀತದ ಮೂಲಕ್ಕೆ ನಮಗಿಂತ ಸಾವಿರ ಪಟ್ಟು ಹತ್ತಿರದವರಾದ ಲಾಸ್ ಏಂಜಲೀಸಿನ ಹುಡುಗರಿಗೆ ಆ ಪ್ರಶ್ನೆ ಎರಡೂ ಕಡೆಯಿಂದ ಬರುತ್ತಿತ್ತು. ಬಿಳಿಯರ ಸಂಗೀತಕ್ಕೆ ಯಾಕೆ ಹೋದೆ ಅಂತ ಒಂದು ಕಡೆ, ನಮ್ಮ ಸಂಗೀತಕ್ಕೆ ಯಾಕೆ ಬಂದೆ ಅಂತ ಇನ್ನೊಂದು ಕಡೆ.

ಬ್ಯಾಂಡಿನ ಮುಂದಿನ ಕತೆ ಸಂತೋಷದ್ದಲ್ಲ. 1994 ಮತ್ತು 1997ರ ಆಲ್ಬಮ್‌ಗಳು ಸಪ್ಪೆ. ಡ್ರಮ್ಮರ್ ಬೀಟ್‌ಮಾಸ್ಟರ್ ವಿ 1996ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಮೂಸ್‌ಮ್ಯಾನ್ ಅಷ್ಟರಲ್ಲಿ ಬ್ಯಾಂಡ್ ಬಿಟ್ಟಿದ್ದ, 2001ರಲ್ಲಿ ಸೌತ್ ಸೆಂಟ್ರಲ್‌ನಲ್ಲೇ ಕಾರಿನಿಂದ ಹಾರಿಸಿದ ಗುಂಡಿಗೆ ಬಲಿಯಾದ. ಡಿ-ರಾಕ್ 2004ರಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿನಿಂದ ಹೋದ. ಮೊದಲ ಆಲ್ಬಮ್ಮಿನ ಗಿಟಾರ್, ಬೇಸ್, ಡ್ರಮ್ಸ್ ನುಡಿಸಿದ ನಾಲ್ವರಲ್ಲಿ ಉಳಿದವನು ಅರ್ನಿ ಸಿ ಒಬ್ಬನೇ. ಇಂಥ ಬ್ಯಾಂಡ್ ಅಲ್ಲಿಗೆ ಮುಚ್ಚಿಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಐಸ್-ಟಿಗೆ ಆಗ ದುಡ್ಡಿನ ತಾಪತ್ರಯವೂ ಇರಲಿಲ್ಲ. 2000ದಿಂದ ಅವನು ಅಮೆರಿಕದ ಪ್ರಸಿದ್ಧ ಟಿವಿ ಧಾರಾವಾಹಿಯೊಂದರಲ್ಲಿ ಪತ್ತೇದಾರ ಫಿನ್ ಟುಟುವೋಲಾ. ಹೌದು, ಪೊಲೀಸ್. ‘ಕಾಪ್ ಕಿಲ್ಲರ್’ ಹಾಡಿದವನು ಈಗ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೆಲ್ಟಿಗೆ ಬ್ಯಾಡ್ಜ್ ಸಿಕ್ಕಿಸಿಕೊಂಡು ತಿರುಗುತ್ತಿದ್ದಾನೆ. ಇದನ್ನು ಹಿಡಿದು ಗೇಲಿ ಮಾಡುವವರು ಬೇಕಾದಷ್ಟು ಜನ. ನನಗೆ ಮಾತ್ರ ಇದು ಅವನ ಹಳೆಯ ವಾದಕ್ಕೇ ಬಲ ಕೊಡುತ್ತದೆ. ಟಿವಿಯಲ್ಲಿ ಅವನನ್ನು ನೋಡಿ ನಿಜವಾದ ಪೊಲೀಸ್ ಅಂತ ಯಾರೂ ನಂಬಿಲ್ಲವಲ್ಲ.

ಧಾರಾವಾಹಿಯ ಸಂಬಳದಲ್ಲಿ ಆರಾಮಾಗಿ ಇರಬಹುದಿತ್ತು. ಅವನು ಅರ್ನಿ ಸಿ ಜೊತೆ ಸೇರಿ ಹೊಸಬರನ್ನು ಹಾಕಿಕೊಂಡು ಬ್ಯಾಂಡ್ ಮತ್ತೆ ಕಟ್ಟಿದ. 2014ರ ‘ಮ್ಯಾನ್‌ಸ್ಲಾಟರ್’, 2017ರ ‘ಬ್ಲಡ್‌ಲಸ್ಟ್’, 2020ರ ‘ಕಾರ್ನಿವೋರ್’. ಮೊದಲ ಆಲ್ಬಮ್ಮಿನಲ್ಲಿ ಬೆರೆಯದೆ ಉಳಿದಿದ್ದ ಮೂರು ಬೇರುಗಳು ಇಲ್ಲಿ ಕೊನೆಗೂ ಒಂದಾಗಿವೆ. ನಿರ್ಮಾಪಕ ವಿಲ್ ಪಟ್ನಿ ಗಿಟಾರಿಗೆ ತೂಕ ತಂದ. ಮೆಗಾಡೆತ್‌ನ ಡೇವ್ ಮಸ್ಟೇನ್, ಲ್ಯಾಂಬ್ ಆಫ್ ಗಾಡ್‌ನ ರ‍್ಯಾಂಡಿ ಬ್ಲೈತ್, ಮ್ಯಾಕ್ಸ್ ಕವಲೇರಾ ಎಲ್ಲ ಬಂದು ನುಡಿಸಿ ಹಾಡಿ ಹೋದರು. ಯಾವ ಕೇರಿಯಲ್ಲಿ ಕಾಲಿಡಬೇಡ ಅಂದಿದ್ದರೋ ಆ ಕೇರಿಯವರೇ. 2021ರ ಮಾರ್ಚ್‌ನಲ್ಲಿ ‘ಬಮ್-ರಷ್’ ಹಾಡಿಗೆ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂತು, ಅದೂ ಮೆಟಲ್ ವಿಭಾಗದಲ್ಲಿ. ಈ ಸಲ ಯಾರೂ ಅದನ್ನು ರ‍್ಯಾಪ್ ಅನ್ನಲಿಲ್ಲ.

ಕೇಳಬೇಕು ಅನ್ನಿಸಿದವರಿಗೆ ನನ್ನ ಸಲಹೆ: ಮೊದಲ ಆಲ್ಬಮ್ಮಿನಿಂದ ಶುರು ಮಾಡಬೇಡಿ, ಬೇಜಾರಾಗಬಹುದು. ‘ಬ್ಲಡ್‌ಲಸ್ಟ್’ ಹಾಕಿ. ಅದರಲ್ಲಿ ಸ್ಲೇಯರ್ ಹಾಡಿಗೆ ಮುಂಚೆ ಅವನು ಬ್ಯಾಂಡ್ ಹುಟ್ಟಿದ ಕತೆಯನ್ನು ತನ್ನ ಬಾಯಲ್ಲೇ ಹೇಳುತ್ತಾನೆ. ಆಮೇಲೆ ‘ಬ್ಲ್ಯಾಕ್ ಹೂಡಿ’, ಆಮೇಲೆ ‘ಬಮ್-ರಷ್’. 2024ರ ‘ಮರ್ಸಿಲೆಸ್’ನಲ್ಲಿ ಪಿಂಕ್ ಫ್ಲಾಯ್ಡ್‌ನ ‘ಕಂಫರ್ಟಬ್ಲಿ ನಂಬ್’ ಅನ್ನು ಹೊಸ ಸಾಹಿತ್ಯ ಹಾಕಿ ಮಾಡಿದ್ದಾರೆ, ಗಿಟಾರ್ ನುಡಿಸಿರುವುದು ಸ್ವತಃ ಡೇವಿಡ್ ಗಿಲ್ಮೋರ್. ಪಿಂಕ್ ಫ್ಲಾಯ್ಡ್ ಭಕ್ತರು ಅದಕ್ಕೂ ಬೈಯುತ್ತಾರೆ, ಬೈಯಲಿ. ನನಗಂತೂ ಹಿಡಿಸಿತು. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಅಕ್ಕಪಕ್ಕದ ಮನೆಯವರ ಜೊತೆ ಜಗಳ ಬೇಡ.